ಮರಸು ಕೂತ ಸಬ್‌ಮರೀನುಗಳು: ಇಟಲಿಯ ಜಲಾಂತರ್ಗಾಮಿಗಳು ಅಷ್ಟೊಂದು ದಂಡವೇ?

ಪ್ರಶ್ನೆ: ಎರಡನೇ ಮಹಾಯುದ್ಧದ ಯಾವ ವೀಡಿಯೊ ನೋಡಿದರೂ ಇಟಲಿಯ ನೌಕಾಪಡೆ ಅಂದರೆ ನಗೆಪಾಟಲು. ಯುದ್ಧಕ್ಕಿಳಿದಾಗ ಅವರ ಬಳಿ ಜರ್ಮನಿಯ ಎರಡು ಪಟ್ಟು ಸಬ್‌ಮರೀನ್ ಇದ್ದವಂತೆ. ಆದರೂ ಜರ್ಮನಿಯ ಸಬ್‌ಮರೀನ್ ಆದ ಯು-ಬೋಟಿನ ಹೆಸರು ಮಕ್ಕಳಿಗೂ ಗೊತ್ತು, ಇಟಲಿಯ ಒಂದು ಸಬ್‌ಮರೀನಿನ ಹೆಸರೂ ನನಗೆ ಗೊತ್ತಿಲ್ಲ. ದೋಷ ಯಂತ್ರದ್ದೋ, ಮನುಷ್ಯರದ್ದೋ? ಇನ್ನೊಂದು: 1940ರಲ್ಲಿ ಮುಂಬಯಿ ಹತ್ತಿರ ನಮ್ಮ ನೌಕೆಯೊಂದನ್ನು ಇಟಲಿಯ ಸಬ್‌ಮರೀನ್ ಮುಳುಗಿಸಿತು ಎಂದು ಓದಿದೆ. ನಿಜವೇ? (ಕಾರವಾರದ ಓದುಗರೊಬ್ಬರು)

ಉತ್ತರ: ಮೊದಲು ಲೆಕ್ಕ. ಇಟಲಿ ಯುದ್ಧಕ್ಕಿಳಿದದ್ದು 1940ರ ಜೂನ್ 10ರಂದು. ಆ ದಿನ ಅದರ ಪಟ್ಟಿಯಲ್ಲಿ ಸುಮಾರು 115 ಸಬ್‌ಮರೀನುಗಳಿದ್ದವು. ಅದಕ್ಕೂ ಒಂಬತ್ತು ತಿಂಗಳ ಹಿಂದೆ ಯುದ್ಧ ಶುರುಮಾಡಿದಾಗ ಜರ್ಮನಿಯ ಕೈಯಲ್ಲಿದ್ದದ್ದು 57. ಹಾಗಾಗಿ ನೀವು ಓದಿದ್ದು ಸರಿಯೇ. ಆದರೆ ಮೊದಲ ಇಪ್ಪತ್ತು ದಿನದಲ್ಲೇ ಇಟಲಿ ಹತ್ತು ಸಬ್‌ಮರೀನ್ ಕಳೆದುಕೊಂಡಿತು. ಎರಡು ದಿನಕ್ಕೊಂದು! ನಗೆಪಾಟಲಿನ ಕಥೆ ಹುಟ್ಟಿದ್ದು ಅಲ್ಲೇ, ಮತ್ತು ಒಮ್ಮೆ ಅಂಟಿದ ಅಡ್ಡಹೆಸರು ಆಮೇಲೆ ಬಿಡಲಿಲ್ಲ.

ದೋಷ ಯಾರದ್ದು ಎಂಬ ಪ್ರಶ್ನೆಗೆ ನನ್ನ ಉತ್ತರ: ಯಂತ್ರದ್ದು ಸ್ವಲ್ಪ, ಮನುಷ್ಯರ ಎದೆಗಾರಿಕೆಯದ್ದು ಖಂಡಿತ ಅಲ್ಲ, ಹೆಚ್ಚಿನ ಪಾಲು ಅವುಗಳನ್ನು ಯಾವ ಬೇಟೆಗೆ ಕಳಿಸಿದರೋ ಆ ಬೇಟೆಯದ್ದು. ಮಲೆನಾಡಿನ ಕಡೆಯವರಿಗೆ ‘ಮರಸು ಕೂರುವುದು’ ಅಂದರೆ ತಕ್ಷಣ ತಿಳಿಯುತ್ತದೆ. ಕಾಡುಹಂದಿ ಓಡಾಡುವ ದಾರಿ ನೋಡಿಕೊಂಡು, ಮರದ ಮೇಲೆ ಅಟ್ಟಣೆ ಕಟ್ಟಿ, ಉಸಿರು ಬಿಗಿಹಿಡಿದು ಕಾಯುವ ಬೇಟೆ ಅದು. ಹಂದಿ ಬಂದರೆ ಬಂತು, ಇಲ್ಲದಿದ್ದರೆ ರಾತ್ರಿಯೆಲ್ಲ ಸೊಳ್ಳೆ ಕಡಿಸಿಕೊಂಡು ಬೆಳಿಗ್ಗೆ ಮನೆಗೆ. ಇಟಲಿಯ ಸಬ್‌ಮರೀನುಗಳು 1930ರ ದಶಕದುದ್ದಕ್ಕೂ ಕಲಿತದ್ದು ಇದನ್ನೇ. ನಕ್ಷೆಯ ಮೇಲೆ ಪ್ರತಿಯೊಂದಕ್ಕೂ ಒಂದು ಚೌಕ ಗುರುತು ಮಾಡಿಕೊಡುತ್ತಿದ್ದರು. ಹಗಲೆಲ್ಲ ಆ ಚೌಕದಲ್ಲಿ ಮುಳುಗಿಕೊಂಡು ಶತ್ರುವಿನ ದೊಡ್ಡ ಯುದ್ಧನೌಕೆ ಎದುರಿಗೆ ಹಾದುಹೋಗುವುದನ್ನು ಕಾಯಬೇಕು, ಬಂದಾಗ ಟಾರ್ಪಿಡೊ ಬಿಡಬೇಕು. ಜರ್ಮನಿಯ ಸಬ್‌ಮರೀನ್ ಪಡೆಯ ಮುಖ್ಯಸ್ಥ ಡೋನಿಟ್ಸ್ ತನ್ನವರಿಗೆ ಕಲಿಸಿದ್ದು ಇದಕ್ಕೆ ಪೂರ್ತಿ ಉಲ್ಟಾ: ರಾತ್ರಿ ನೀರಿನ ಮೇಲೆ ಬಾ, ವೇಗವಾಗಿ ಓಡು, ಸರಕು ಹಡಗುಗಳ ಸಾಲು ಕಂಡರೆ ವೈರ್‌ಲೆಸ್ಸಿನಲ್ಲಿ ಉಳಿದವರನ್ನು ಕರೆ, ಎಲ್ಲರೂ ಸೇರಿ ಮೇಲೆಬೀಳಿ. ಅದು ತೋಳಗಳ ಬೇಟೆ. ಒಂದೇ ಬಗೆಯ ದೋಣಿಯನ್ನು ಈ ಎರಡು ಬೇಟೆಗೆ ಕಳಿಸಿದರೆ ಸಿಗುವ ಫಲ ಒಂದೇ ಆಗುವುದಿಲ್ಲ.

ಮರಸು ಕೂರುವವನಿಗೆ ಪ್ರಾಣಿ ಆ ದಾರಿಯಲ್ಲಿ ಬರುತ್ತದೆ ಎಂಬ ಭರವಸೆಯಾದರೂ ಇರಬೇಕು. ಮೆಡಿಟರೇನಿಯನ್ನಿನಲ್ಲಿ ಅದೂ ಇರಲಿಲ್ಲ. ಇಟಲಿ ಯುದ್ಧಕ್ಕಿಳಿಯುತ್ತಲೇ ಬ್ರಿಟಿಷರು ತಮ್ಮ ಮಾಮೂಲಿ ಸರಕು ಸಾಗಣೆಯನ್ನು ಆ ಸಮುದ್ರದಿಂದ ತೆಗೆದು, ಆಫ್ರಿಕವನ್ನು ಪೂರ್ತಿ ಸುತ್ತಿಕೊಂಡು ಬರುವ ಕೇಪ್ ದಾರಿಗೆ ಹಾಕಿದರು. ಉಳಿದದ್ದು ಆಗೊಮ್ಮೆ ಈಗೊಮ್ಮೆ ಆ ಸಮುದ್ರದ ನಡುವಿನ ಬ್ರಿಟಿಷರ ದ್ವೀಪ ಮಾಲ್ಟಾಕ್ಕೆ ಹೋಗುವ ಹಡಗು ಸಾಲುಗಳು, ಅವೂ ಯುದ್ಧನೌಕೆಗಳ ದಟ್ಟ ಬೆಂಗಾವಲಿನಲ್ಲಿ. ಬ್ರಿಟಿಷ್ ಸಬ್‌ಮರೀನುಗಳ ಸ್ಥಿತಿ ಇದಕ್ಕೆ ವಿರುದ್ಧ. ಲಿಬಿಯದಲ್ಲಿದ್ದ ಇಟಲಿಯ ಸೈನ್ಯಕ್ಕೆ ಅನ್ನ, ಪೆಟ್ರೋಲು, ಗುಂಡು ಎಲ್ಲವೂ ಇಟಲಿಯಿಂದ ಹಡಗಿನಲ್ಲೇ ಹೋಗಬೇಕಿತ್ತು. ಮಾಲ್ಟಾದಲ್ಲಿದ್ದ ಬ್ರಿಟಿಷ್ ಕ್ಯಾಪ್ಟನ್ನನಿಗೆ ಬೇಟೆ ಬಾಗಿಲಿಗೇ ಬರುತ್ತಿತ್ತು. ಹಾಗಾಗಿ ‘ಅವರು ಇಷ್ಟು ಮುಳುಗಿಸಿದರು, ಇವರು ಇಷ್ಟೇ’ ಎಂದು ಹೋಲಿಸುವ ಕೋಷ್ಟಕಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಆ ಸಮುದ್ರದ ನೀರೂ ಸಬ್‌ಮರೀನುಗಳಿಗೆ ಒಳ್ಳೆಯದಲ್ಲ. ಅಟ್ಲಾಂಟಿಕ್ಕಿನ ಕಲಕಿದ ನೀರಿನ ಹಾಗಲ್ಲ, ತಿಳಿಯಾದ ನೀರು. ಶಾಂತ ದಿನಗಳಲ್ಲಿ ಮುಳುಗಿರುವ ಸಬ್‌ಮರೀನಿನ ನೆರಳು ವಿಮಾನದಿಂದ ಕಾಣುತ್ತದೆ. ಇಟಲಿಯವರನ್ನು ಆಡಿಕೊಳ್ಳುವವರಿಗೆ ನಾನು ಯಾವಾಗಲೂ ನೆನಪಿಸುವುದು ಇದನ್ನು: 1941ರಿಂದ ಜರ್ಮನಿ ಅರವತ್ತಕ್ಕೂ ಹೆಚ್ಚು ಯು-ಬೋಟುಗಳನ್ನು ಮೆಡಿಟರೇನಿಯನ್ನಿನ ಒಳಗೆ ಕಳಿಸಿತು. ಆರ್ಕ್ ರಾಯಲ್, ಬಾರ್ಹಮ್, ಈಗಲ್‌ನಂಥ ದೊಡ್ಡ ದೊಡ್ಡ ನೌಕೆಗಳನ್ನು ಅವು ಮುಳುಗಿಸಿದವು, ಒಪ್ಪೋಣ. ಆದರೆ ಜಿಬ್ರಾಲ್ಟರ್ ದಾಟಿ ಒಳಗೆ ಹೋದ ಆ ಯು-ಬೋಟುಗಳಲ್ಲಿ ಒಂದೂ ಹಿಂತಿರುಗಿ ಬರಲಿಲ್ಲ.

ಇನ್ನು ಯಂತ್ರ. ಇಲ್ಲಿ ಇಟಲಿಯವರ ತಪ್ಪು ನಿಜವಾಗಿಯೂ ಇತ್ತು. ಮೇಲೆ ಎದ್ದು ಕಾಣುವ ಕಾನಿಂಗ್ ಟವರ್ ಅನ್ನು ಅವರು ಮನೆಯ ಮೇಲಿನ ಅಟ್ಟದಷ್ಟು ದೊಡ್ಡದಾಗಿ ಕಟ್ಟಿದ್ದರು. ರಾತ್ರಿ ನೀರಿನ ಮೇಲೆ ಬಂದರೆ ದೂರದಿಂದಲೇ ಕಾಣುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳಲು ಮೇಲೆ ಬೇರೆ ಕೊಳವೆಯಿರಲಿಲ್ಲ. ಟವರಿನ ಮುಚ್ಚಳವನ್ನೇ ತೆರೆದಿಡಬೇಕಿತ್ತು. ಮೆಡಿಟರೇನಿಯನ್ನಿನ ಸಣ್ಣ ಅಲೆಗಳಲ್ಲಿ ಇದು ನಡೆಯುತ್ತದೆ. ಐರ್ಲೆಂಡಿನ ಪಶ್ಚಿಮಕ್ಕೆ, ನವೆಂಬರಿನ ಅಟ್ಲಾಂಟಿಕ್ಕಿನಲ್ಲಿ, ತೆರೆದ ಮುಚ್ಚಳದಿಂದ ಗಾಳಿಯ ಜೊತೆ ಸಮುದ್ರವೂ ಒಳಗೆ ಬರುತ್ತದೆ. ಜರ್ಮನಿಯ ಏಳನೇ ಟೈಪಿನ ದೋಣಿ ಅರ್ಧ ನಿಮಿಷದಲ್ಲಿ ನೀರೊಳಗೆ ಮಾಯವಾಗುತ್ತಿದ್ದರೆ ಇಟಲಿಯ ದೊಡ್ಡ ದೋಣಿಗಳಿಗೆ ಒಂದು ನಿಮಿಷ, ಕೆಲವಕ್ಕೆ ಅದಕ್ಕೂ ಹೆಚ್ಚು ಬೇಕಾಗುತ್ತಿತ್ತು. ವಿಮಾನ ಕಂಡ ಮೇಲಿನ ಆ ಮೂವತ್ತು ಸೆಕೆಂಡೇ ಜೀವ. ಹೈಡ್ರೋಫೋನ್ ಇತ್ತು, ಅಂದರೆ ಕೇಳಿಸಿಕೊಳ್ಳುವ ಕಿವಿ ಇತ್ತು. ಕೂಗು ಹಾಕಿ ಮರುದನಿ ಹಿಡಿಯುವ ಸೋನಾರ್ ಇದ್ದದ್ದು ಬ್ರಿಟಿಷರ ಬಳಿ. ರಾಡಾರಿನ ಮಾತೇ ಬೇಡ. ಒಂದು ವಿಷಯದಲ್ಲಿ ಮಾತ್ರ ಇಟಲಿಯವರು ಮುಂದಿದ್ದರು, ಅದು ಟಾರ್ಪಿಡೊ. 1940ರಲ್ಲಿ ನಾರ್ವೆಯ ಬಳಿ ಜರ್ಮನ್ ಟಾರ್ಪಿಡೊಗಳು ಸಿಡಿಯದೆ ಕ್ಯಾಪ್ಟನ್ನುಗಳು ತಲೆ ಚಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ ಇಟಲಿಯ ಟಾರ್ಪಿಡೊ ನಂಬಿಕೆಗೆ ಯೋಗ್ಯವಾಗಿತ್ತು.

ಯಂತ್ರದ ದೋಷಗಳಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು ಕೆಂಪು ಸಮುದ್ರದಲ್ಲಿ ಬಯಲಾಯಿತು. ನಿಮ್ಮ ಮುಂಬಯಿ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟಿದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ಮ್ಯೂಸಿಯಮ್ ಮಾಡಿ ನಿಲ್ಲಿಸಿರುವ ಕುರ್ಸುರಾ ಒಳಗೆ ಹೋಗಿದ್ದರೆ ನಿಮಗೆ ಅಂದಾಜಾಗುತ್ತದೆ. ಅದು 91 ಮೀಟರ್ ಉದ್ದದ ದೋಣಿ. ನಿಂತಿರುವ ದೋಣಿ, ಎಂಜಿನ್ ಓಡುತ್ತಿಲ್ಲ, ಬಾಗಿಲು ತೆರೆದಿದೆ, ಆದರೂ ಐದು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟುತ್ತದೆ. ಎರಿಟ್ರಿಯದ ಮಸಾವಾ ಬಂದರಿನಲ್ಲಿ ಇಟಲಿ ಇಟ್ಟಿದ್ದ ಎಂಟು ಸಬ್‌ಮರೀನುಗಳಲ್ಲಿ ಸಣ್ಣವು ಬರೀ 60 ಮೀಟರಿನವು, ಒಳಗೆ ನಲವತ್ತಕ್ಕೂ ಹೆಚ್ಚು ಜನ, ಜೂನ್ ತಿಂಗಳ ಕೆಂಪು ಸಮುದ್ರ. ಏರ್ ಕಂಡೀಷನಿಂಗ್ ಇಲ್ಲದೆ ಬದುಕಲು ಸಾಧ್ಯವಿಲ್ಲವೆಂದು ಅದನ್ನು ಹಾಕಿದ್ದರು. ಅದರ ಕೊಳವೆಗಳಲ್ಲಿ ಹರಿಯುತ್ತಿದ್ದದ್ದು ಮೀಥೈಲ್ ಕ್ಲೋರೈಡ್ ಎಂಬ ಅನಿಲ. ಬಣ್ಣವಿಲ್ಲ, ವಾಸನೆ ಇದ್ದೂ ಇಲ್ಲದಂತೆ. ಸೋರಿದರೆ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ತಲೆ ತಿರುಗಿ, ಮಾತು ತೊದಲಿ, ಇಲ್ಲದ್ದೆಲ್ಲ ಕಾಣಿಸಲು ಶುರುವಾಗಿರುತ್ತದೆ. ಮುಳುಗಿರುವ ದೋಣಿಯಲ್ಲಿ ಕಿಟಕಿ ತೆರೆಯುವ ಮಾತೂ ಇಲ್ಲ.

ಮೊದಲು ಬಲಿಯಾದದ್ದು ಮಕಲ್ಲೆ. ಯುದ್ಧ ಶುರುವಾಗಿ ಐದೇ ದಿನ, ಜೂನ್ 15ರಂದು, ವಿಷ ಕುಡಿದಂತಾಗಿದ್ದ ಸಿಬ್ಬಂದಿ ದೋಣಿ ಎಲ್ಲಿದೆ ಎಂಬ ಅಂದಾಜೇ ತಪ್ಪಿ ಸುಡಾನಿನ ತೀರದ ಆಚೆಗಿನ ಒಂದು ಬರಡು ದ್ವೀಪಕ್ಕೆ ಅದನ್ನು ಏರಿಸಿಬಿಟ್ಟರು. ಶತ್ರುವಿನ ಒಂದು ಗುಂಡೂ ತಗಲಿರಲಿಲ್ಲ. ಕೆಲವರು ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಎರಿಟ್ರಿಯದ ತೀರ ಮುಟ್ಟಿ ಸುದ್ದಿ ಕೊಟ್ಟ ಮೇಲೆ ಇನ್ನೊಂದು ಸಬ್‌ಮರೀನ್ ಹೋಗಿ ಉಳಿದವರನ್ನು ಕರೆತಂದಿತು.

ನಾಲ್ಕು ದಿನ ಬಿಟ್ಟು ಗಲಿಲಿಯೊ ಗಲಿಲೈ. ಇದು ಆಗಲೇ ನಾರ್ವೆಯ ಟ್ಯಾಂಕರೊಂದನ್ನು ಮುಳುಗಿಸಿತ್ತು. ಜೂನ್ 19ರಂದು ಏಡನ್ ಹತ್ತಿರ ಮೂನ್‌ಸ್ಟೋನ್ ಎಂಬ ಬ್ರಿಟಿಷ್ ನೌಕೆ ಇದರ ಸುಳಿವು ಹಿಡಿಯಿತು. ನೌಕೆ ಅಂದರೆ ದೊಡ್ಡದೇನಲ್ಲ, ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಟ್ರಾಲರ್ ಜಾತಿಯದ್ದು, ಮೇಲೊಂದು 4 ಇಂಚಿನ ತೋಪು. ಅದು ಡೆಪ್ತ್ ಚಾರ್ಜ್, ಅಂದರೆ ನೀರಿನ ಆಳದಲ್ಲಿ ಸಿಡಿಯುವ ಬಾಂಬ್, ಎಸೆಯಿತು. ಒಳಗೆ ಆಗಲೇ ವಿಷಾನಿಲದಿಂದ ಒದ್ದಾಡುತ್ತಿದ್ದ ಇಟಲಿಯವರು ಮೇಲೆ ಬಂದು ತೋಪಿನಿಂದ ಹೋರಾಡಲು ನಿರ್ಧರಿಸಿದರು. ಕಾಗದದ ಮೇಲೆ ನೋಡಿದರೆ ಗೆಲ್ಲಬೇಕಾದದ್ದು ಅವರೇ: ಸಾವಿರ ಟನ್ನಿನ ದೋಣಿ, 100 ಮಿಲಿಮೀಟರಿನ ಎರಡು ತೋಪು. ಆದರೆ ಟ್ರಾಲರಿನವರು ಹಿಂಜರಿಯದೆ ತೀರ ಹತ್ತಿರಕ್ಕೆ ನುಗ್ಗಿ, ಮೆಷಿನ್‌ಗನ್, ಬಂದೂಕು ಏನು ಸಿಕ್ಕಿತೋ ಅದರಿಂದ ಗುಂಡಿನ ಮಳೆ ಸುರಿಸಿದರು. ಇಟಲಿಯವರಿಗೆ ತಮ್ಮ ತೋಪಿನ ಹತ್ತಿರ ನಿಲ್ಲಲೇ ಆಗಲಿಲ್ಲ. ಒಂದು ಶೆಲ್ ಟವರಿಗೆ ಬಡಿದು ಕ್ಯಾಪ್ಟನ್ ಕೊರಾದೊ ನಾರ್ದಿ ಸತ್ತರು. ದೋಣಿ ಶರಣಾಯಿತು. ಅದನ್ನು ಏಡನ್ನಿಗೆ ಎಳೆದು ತಂದರು.

ದೋಣಿಗಿಂತ ದೊಡ್ಡ ಗಂಟು ಅದರೊಳಗಿನ ಕಾಗದಗಳು. ಉಳಿದ ಸಬ್‌ಮರೀನುಗಳು ಎಲ್ಲೆಲ್ಲಿ ಕಾಯುತ್ತಿವೆ ಎಂಬುದಕ್ಕೆ ಅದರಲ್ಲಿ ಸುಳಿವಿತ್ತು. ಮರಸು ಕೂತವನ ಮರ ಯಾವುದೆಂದು ಹಂದಿಗೇ ಗೊತ್ತಾದ ಹಾಗೆ! ಓಮಾನ್ ಕೊಲ್ಲಿಯಲ್ಲಿ ಕಾಯುತ್ತಿದ್ದ ಗಾಲ್ವಾನಿಯನ್ನು ಫಾಲ್ಮೌತ್ ಎಂಬ ಬ್ರಿಟಿಷ್ ನೌಕೆ ಹುಡುಕಿಕೊಂಡು ಹೋಗಿ ಜೂನ್ 24ರ ರಾತ್ರಿಗತ್ತಲಲ್ಲಿ ಮುಳುಗಿಸಿತು. ಅದೇ ವಾರ ಮೆಡಿಟರೇನಿಯನ್ನಿನಲ್ಲಿ ಉಎಬಿ ಶೆಬೆಲಿ ಎಂಬ ಸಬ್‌ಮರೀನ್ ಮುಳುಗುವ ಮೊದಲು ಬ್ರಿಟಿಷರು ಅದರೊಳಗೆ ನುಗ್ಗಿ ಸಂಕೇತ ಪುಸ್ತಕಗಳನ್ನು ಹೊತ್ತುಕೊಂಡು ಬಂದರು. ಮೊದಲ ಇಪ್ಪತ್ತು ದಿನದ ಆ ಹತ್ತು ಸಾವುಗಳಲ್ಲಿ ಹೇಡಿತನ ಎಲ್ಲಿದೆ ಹೇಳಿ? ಕೆಟ್ಟ ಕೊಳವೆ ಇದೆ, ಬಯಲಾದ ಕಾಗದ ಇದೆ, ಜಾಗ ಬಿಟ್ಟು ಕದಲದ ಚೌಕಗಳಿವೆ. ಹೋರಾಟ ಬೇಕೆಂದರೆ ತೊರ್ರಿಚೆಲ್ಲಿ ಇದೆ. ಜೂನ್ 23ರಂದು ಪೆರಿಮ್ ದ್ವೀಪದ ಬಳಿ, ಏಟು ತಿಂದು ಮುಳುಗಲಾರದ ಸ್ಥಿತಿಯಲ್ಲಿ, ಅದು ಮೂರು ಡಿಸ್ಟ್ರಾಯರ್ ಮತ್ತೊಂದು ನೌಕೆಯ ಎದುರು ನೀರಿನ ಮೇಲೆಯೇ ನಿಂತು ತೋಪು ಹಾರಿಸಿತು. ಕೊನೆಗೆ ಕ್ಯಾಪ್ಟನ್ ಸಾಲ್ವತೋರೆ ಪೆಲೋಸಿ ತಾನೇ ಅದನ್ನು ಮುಳುಗಿಸಿದ. ಅದೇ ದಿನ ಎದುರಾಳಿಗಳ ಪೈಕಿ ಖಾರ್ಟೂಮ್ ಎಂಬ ಡಿಸ್ಟ್ರಾಯರ್ ತನ್ನದೇ ಟಾರ್ಪಿಡೊದ ಗಾಳಿ ಸಿಲಿಂಡರ್ ಸಿಡಿದು, ಬೆಂಕಿ ಹತ್ತಿ ನಾಶವಾಯಿತು. ಅದಕ್ಕೆ ತಮ್ಮ ಗುಂಡೇ ಕಾರಣ ಎನ್ನುತ್ತಾರೆ ಇಟಲಿಯವರು, ಅಪಘಾತ ಎನ್ನುತ್ತಾರೆ ಬ್ರಿಟಿಷರು.

ಈಗ ಮುಂಬಯಿ. ನೀವು ಓದಿದ ನೌಕೆ ಪಠಾನ್. ರಾಯಲ್ ಇಂಡಿಯನ್ ನೇವಿಯದ್ದು, ಮೊದಲ ಮಹಾಯುದ್ಧದ ಕಾಲದ ಹಳೆಯ ಸಣ್ಣ ನೌಕೆ. 1940ರ ಜೂನ್ 23ರಂದು ಮುಂಬಯಿಯಾಚೆ ಸ್ಫೋಟವಾಗಿ ಮುಳುಗಿತು. ಮುಳುಗಿಸಿದ್ದು ಗಾಲ್ವಾನಿ ಎಂದು ಹಲವು ಪುಸ್ತಕಗಳಲ್ಲಿ ಇದೆ. ನಾನು ಇದನ್ನು ನಂಬುವುದಿಲ್ಲ. ನಕ್ಷೆ ತೆಗೆದು ಒಂದು ಗೆರೆ ಎಳೆಯಿರಿ. ಮುಂಬಯಿಯಿಂದ ಗಾಲ್ವಾನಿ ಮುಳುಗಿದ ಜಾಗಕ್ಕೆ ಹೆಚ್ಚುಕಮ್ಮಿ ಸಾವಿರ ನಾಟಿಕಲ್ ಮೈಲಿ. ಗಾಲ್ವಾನಿ ನೀರಿನ ಮೇಲೆ ಎಂಜಿನ್ ಬಿರಿಯುವಂತೆ ಓಡಿದರೂ ಗಂಟೆಗೆ 17 ನಾಟಿಕಲ್ ಮೈಲಿ ದಾಟುವುದಿಲ್ಲ, ಅಂದರೆ ದಿನಕ್ಕೆ ನಾನೂರು ಮೈಲಿ. ಹಿಂದಿನ ದಿನ ಮುಂಬಯಿ, ಮರುದಿನ ಓಮಾನ್ ಕೊಲ್ಲಿ ಎಂದರೆ ಅದಕ್ಕೆ ರೆಕ್ಕೆ ಇರಬೇಕಿತ್ತು. ಆ ನೌಕೆಯ ಸಾವಿಗೆ ಬೇರೆ ಕಾರಣವನ್ನೇ ಹುಡುಕಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿ ಎಂಬತ್ತು ವರ್ಷ ಸಾಗಿಸಿದ ಮಾತು ಇದು.

ಇನ್ನು ಅಟ್ಲಾಂಟಿಕ್. 1940ರ ಬೇಸಿಗೆಯಿಂದ ಇಟಲಿ ತನ್ನ ದೊಡ್ಡ ಸಬ್‌ಮರೀನುಗಳನ್ನು ಫ್ರಾನ್ಸಿನ ಬೋರ್ಡೋ ಬಂದರಿಗೆ ಕಳಿಸಿತು. ನೆಲೆಯ ಹೆಸರು ಬೆಟಾಸೊಮ್: ಬೋರ್ಡೋದ ‘ಬಿ’ಗೆ ಬೆಟಾ, ಸಬ್‌ಮರೀನಿಗೆ ಇಟಲಿಯ ಮಾತಾದ ಸೊಮ್ಮೆರ್ಜಿಬಿಲೆಯ ಮೊದಲ ತುಂಡು. ಡೋನಿಟ್ಸ್ ಮೊದಮೊದಲು ಖುಷಿಪಟ್ಟ. ಅವನಿಗೆ ಆಗ ದೋಣಿಗಳ ಬರ. ಇವರು ಕಡಲಿಗಿಳಿದು ಬೆಂಗಾವಲು ಸಾಲುಗಳನ್ನು ಹುಡುಕಿಕೊಟ್ಟರೂ ಸಾಕು ಅಂದುಕೊಂಡ. ಆ ಶರತ್ಕಾಲದಲ್ಲಿ ಐರ್ಲೆಂಡಿನ ಆಚೆ ಅವನ ತೋಳಗಳು ಹಡಗುಗಳನ್ನು ಗುಡಿಸಿ ಹಾಕುತ್ತಿದ್ದರೆ ಇಟಲಿಯವರ ಲೆಕ್ಕದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ತೆರೆದ ಮುಚ್ಚಳ, ಎತ್ತರದ ಟವರ್, ತಡವಾಗಿ ಬರುವ ವೈರ್‌ಲೆಸ್ ಸುದ್ದಿ, ಗುಂಪಿನಲ್ಲಿ ಬೇಟೆಯಾಡಿ ಅಭ್ಯಾಸವೇ ಇಲ್ಲದ ಕ್ಯಾಪ್ಟನ್ನುಗಳು. ಕೊನೆಗೆ 1941ರಲ್ಲಿ ಅವನು ಸೋಲೊಪ್ಪಿ ಅವರನ್ನು ದಕ್ಷಿಣಕ್ಕೆ ಬಿಟ್ಟ: ಅಜೋರ್ಸ್, ಫ್ರೀಟೌನ್, ಮುಂದೆ ಬ್ರೆಜಿಲ್, ಕೆರಿಬಿಯನ್. ಅಲ್ಲಿ ಬಿಸಿಲು ಜಾಸ್ತಿ, ಅಲೆ ಕಡಿಮೆ, ಒಂಟಿಯಾಗಿ ಓಡುವ ಹಡಗುಗಳು ಹೆಚ್ಚು. ಇಟಲಿಯ ದೋಣಿಗಳ ದೊಡ್ಡ ಹೊಟ್ಟೆಗೆ ದೂರ ಹೋಗುವ ಎಣ್ಣೆಯೂ ಹಿಡಿಸುತ್ತಿತ್ತು. ಅಲ್ಲಿಂದ ಕಥೆ ಬದಲಾಯಿತು.

ಬೋರ್ಡೋದಿಂದ ಒಟ್ಟು 32 ಸಬ್‌ಮರೀನುಗಳು ಕೆಲಸ ಮಾಡಿದವು. ಮುಳುಗಿಸಿದ್ದು 109 ವ್ಯಾಪಾರಿ ಹಡಗು, 5,93,864 ಟನ್. ಕಳೆದುಕೊಂಡದ್ದು 16. ಭಾಗಿಸಿ ನೋಡಿ. ಕಳೆದುಕೊಂಡ ಒಂದೊಂದು ದೋಣಿಗೆ 37 ಸಾವಿರ ಟನ್. ಇಡೀ ಯುದ್ಧದಲ್ಲಿ ಜರ್ಮನಿ ಸುಮಾರು 1.4 ಕೋಟಿ ಟನ್ ಮುಳುಗಿಸಿ ಎಂಟುನೂರರ ಹತ್ತಿರ ಯು-ಬೋಟ್ ಕಳೆದುಕೊಂಡಿತು, ಅಂದರೆ ಒಂದಕ್ಕೆ ಹದಿನೆಂಟು ಸಾವಿರದ ಆಸುಪಾಸು. ಈ ಲೆಕ್ಕ ತೋರಿಸಿ ‘ನೋಡಿ, ನಾವೇ ಮೇಲು’ ಎನ್ನುವ ಇಟಲಿಯ ಅಭಿಮಾನಿಗಳಿದ್ದಾರೆ. ಅದೂ ಮೋಸವೇ. ಜರ್ಮನರ ಸಾವಿನ ದೊಡ್ಡ ಪಾಲು 1943ರ ಮೇ ತಿಂಗಳಿಂದ ಆಚೆಗಿನದು, ಆ ಹೊತ್ತಿಗೆ ಇಟಲಿಯ ಅಟ್ಲಾಂಟಿಕ್ ಯುದ್ಧ ಮುಗಿಯುತ್ತ ಬಂದಿತ್ತು. ಕಠಿಣವಾದ ಉತ್ತರದ ಸಾಲುಗಳನ್ನು ಜರ್ಮನರು ಕೆಣಕುತ್ತಿದ್ದಾಗ ಇವರು ಒಂಟಿ ಹಡಗುಗಳನ್ನು ಹಿಡಿಯುತ್ತಿದ್ದರು. ಆದರೆ ‘ದಂಡ’ ಎಂಬ ಮಾತಿಗೆ ಮಾತ್ರ ಈ ಅಂಕಿ ಜಾಗ ಕೊಡುವುದಿಲ್ಲ.

ಹೆಸರು ಗೊತ್ತಿಲ್ಲ ಅಂದಿರಿ. ಎರಡನ್ನು ನೆನಪಿಟ್ಟುಕೊಳ್ಳಿ. ಲಿಯೊನಾರ್ದೊ ದಾ ವಿಂಚಿ, 17 ಹಡಗು, 1,20,243 ಟನ್: ಆ ಯುದ್ಧದಲ್ಲಿ ಜರ್ಮನಿಯದ್ದಲ್ಲದ ಬೇರಾವ ಸಬ್‌ಮರೀನೂ ಇಷ್ಟು ಟನ್ ವ್ಯಾಪಾರಿ ಹಡಗು ಮುಳುಗಿಸಿಲ್ಲ. ಇನ್ನೊಂದು ಕಾರ್ಲೊ ಫೆಚಿಯಾ ದಿ ಕೊಸ್ಸಾತೊ ನಡೆಸಿದ ತಾತ್ಸೋಲಿ. ದಾ ವಿಂಚಿಯ ಅತಿ ದೊಡ್ಡ ಬೇಟೆಯೇ ಅತಿ ಕಹಿಯಾದದ್ದೂ ಹೌದು. 1943ರ ಮಾರ್ಚ್ 14ರಂದು ಅದು ಮುಳುಗಿಸಿದ 21 ಸಾವಿರ ಟನ್ನಿನ ಎಂಪ್ರೆಸ್ ಆಫ್ ಕೆನಡಾ ಹಡಗಿನಲ್ಲಿ ಇಟಲಿಯ ಯುದ್ಧಕೈದಿಗಳಿದ್ದರು. ಸತ್ತ 392 ಜನರಲ್ಲಿ ಅರ್ಧಕ್ಕೆ ಹತ್ತಿರದಷ್ಟು ತಮ್ಮವರೇ. ಎರಡು ತಿಂಗಳಾದ ಮೇಲೆ, ಬೋರ್ಡೋಗೆ ಮರಳುವಾಗ, ಬ್ರಿಟಿಷ್ ನೌಕೆಗಳು ಅದನ್ನೂ ಮುಳುಗಿಸಿದವು.

ಕಪ್ಪೆಲ್ಲಿನಿ ಎಂಬ ಸಬ್‌ಮರೀನಿನ ಕ್ಯಾಪ್ಟನ್ ಸಾಲ್ವತೋರೆ ತೊದಾರೊ ಇನ್ನೊಂದು ಬಗೆಯ ಮನುಷ್ಯ. 1940ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಕಬಾಲೊ ಹಡಗನ್ನು ತೋಪಿನಿಂದ ಮುಳುಗಿಸಿದ ಮೇಲೆ ಅದರ 26 ಜನರನ್ನು ನಡುಗಡಲಲ್ಲಿ ಬಿಟ್ಟು ಬರಲು ಅವನಿಗೆ ಮನಸ್ಸಾಗಲಿಲ್ಲ. ಅವರನ್ನು ಅಜೋರ್ಸಿನ ಸಾಂತಾ ಮರಿಯಾ ದ್ವೀಪದ ತನಕ ಮುಟ್ಟಿಸಿಬಂದ, ಅದೂ ದಿನಗಟ್ಟಲೆ ನೀರಿನ ಮೇಲೆ, ಯಾರ ಕಣ್ಣಿಗಾದರೂ ಬೀಳುವ ಹಾಗೆ. ಡೋನಿಟ್ಸ್‌ಗೆ ಇದು ಇಷ್ಟವಾಗಲಿಲ್ಲ. ಸಬ್‌ಮರೀನಿನ ಕೆಲಸ ಹಡಗು ಮುಳುಗಿಸುವುದೇ ಆಗಿದ್ದರೆ ಡೋನಿಟ್ಸ್ ಹೇಳಿದ್ದೇ ಸರಿ. ನನಗೆ ಮಾತ್ರ ಇಟಲಿಯ ಸಬ್‌ಮರೀನ್ ಎಂದಾಗ ಮೊದಲು ನೆನಪಾಗುವುದು ಈ ಮನುಷ್ಯನೇ.

ನಗೆಪಾಟಲು ಬೇಕೆಂದರೆ ಅದೂ ಇದೆ, ಎನ್ಸೊ ಗ್ರೊಸ್ಸಿಯದ್ದು. ಬಾರ್ಬರಿಗೊ ಸಬ್‌ಮರೀನಿನ ಈ ಕ್ಯಾಪ್ಟನ್ 1942ರ ಮೇ ತಿಂಗಳಲ್ಲಿ ಬ್ರೆಜಿಲ್ ಹತ್ತಿರ, ಮತ್ತೆ ಅಕ್ಟೋಬರಿನಲ್ಲಿ ಆಫ್ರಿಕದ ಹತ್ತಿರ, ಅಮೆರಿಕದ ಒಂದೊಂದು ಬ್ಯಾಟಲ್‌ಶಿಪ್ ಮುಳುಗಿಸಿದೆ ಎಂದು ಸುದ್ದಿ ಕಳಿಸಿದ. ರೋಮಿನಲ್ಲಿ ಹಬ್ಬ. ಬಡ್ತಿಯ ಮೇಲೆ ಬಡ್ತಿ, ಚಿನ್ನದ ಪದಕಗಳು. ಯುದ್ಧ ಮುಗಿದ ಮೇಲೆ ಎರಡೂ ಕಡೆಯ ದಾಖಲೆ ಕೂಡಿಸಿ ನೋಡಿದರೆ, ಮೊದಲನೆಯದು ಮಿಲ್ವಾಕಿ ಎಂಬ ಕ್ರೂಸರ್, ಎರಡನೆಯದು ಪೆಟೂನಿಯಾ ಎಂಬ ಪುಟ್ಟ ಬ್ರಿಟಿಷ್ ಕಾರ್ವೆಟ್. ಎರಡಕ್ಕೂ ಟಾರ್ಪಿಡೊ ತಗಲಿರಲೇ ಇಲ್ಲ. ಪದಕ, ಬಡ್ತಿ ಎಲ್ಲ ವಾಪಸು. ಕತ್ತಲಲ್ಲಿ ಪೆರಿಸ್ಕೋಪಿನ ಕಣ್ಣಿಗೆ ಎಲ್ಲ ಹಡಗೂ ದೊಡ್ಡದೇ, ಜರ್ಮನರೂ ಬ್ರಿಟಿಷರೂ ಎಷ್ಟೋ ಸಲ ಹೀಗೆ ಎಣಿಕೆ ತಪ್ಪಿದ್ದಾರೆ. ಕಾರ್ವೆಟ್ ಬ್ಯಾಟಲ್‌ಶಿಪ್ ಆದದ್ದು ಮಾತ್ರ ಸ್ವಲ್ಪ ಅತಿಯಾಯಿತು.

ಈಗ ಹಿಂದೆ ಬಿಟ್ಟ ಒಂದು ಎಳೆ ಹಿಡಿಯುತ್ತೇನೆ. ದ್ವೀಪಕ್ಕೆ ಏರಿದ ಮಕಲ್ಲೆ, ಸಂಕೇತ ಪುಸ್ತಕ ಕಳೆದುಕೊಂಡ ಉಎಬಿ ಶೆಬೆಲಿ, ಇವೆರಡೂ ‘ಆರುನೂರರ’ ಜಾತಿಯವು. ಅಂದರೆ 600 ಟನ್ನಿನ ವಿನ್ಯಾಸ ಎಂದು ಲೆಕ್ಕವಿಟ್ಟ, ನಿಜದಲ್ಲಿ ಅದಕ್ಕಿಂತ ತುಸು ಭಾರದ ಸಣ್ಣ ದೋಣಿಗಳು. ಅವುಗಳಲ್ಲಿ ಆಡುವಾ ಎಂಬ ವರ್ಗದವು 17, ಹೆಸರೆಲ್ಲ ಪೂರ್ವ ಆಫ್ರಿಕದ ಊರು, ನದಿಗಳದ್ದು. 1896ರಲ್ಲಿ ಇಥಿಯೋಪಿಯ ಇಟಲಿಯನ್ನು ಮಣ್ಣುಮುಕ್ಕಿಸಿದ ಊರಿನ ಹೆಸರನ್ನೇ ಮೊದಲ ದೋಣಿಗೆ ಇಟ್ಟಿದ್ದರು. ಇದೇ ಜಾತಿಯ ಪೆರ್ಲಾ 1940ರ ಜೂನಿನಲ್ಲಿ ಅದೇ ವಿಷಾನಿಲದಿಂದ ಸಿಬ್ಬಂದಿ ಮಲಗಿ, ಕೆಂಪು ಸಮುದ್ರದ ದಿಬ್ಬಕ್ಕೆ ತಾಗಿ ನಿಂತಿತ್ತು. ಹೇಗೋ ಉಳಿಯಿತು. 1941ರ ಮಾರ್ಚಿನಲ್ಲಿ ಮಸಾವಾ ಕೈಬಿಡುವ ಸ್ಥಿತಿ ಬಂದಾಗ ಉಳಿದ ನಾಲ್ಕು ಸಬ್‌ಮರೀನುಗಳನ್ನು ಆಫ್ರಿಕ ಸುತ್ತಿಸಿ ಬೋರ್ಡೋಗೆ ಕಳಿಸಿದರು. ಕರಾವಳಿಯಲ್ಲಿ ಓಡಾಡಲೆಂದು ಕಟ್ಟಿದ ಪೆರ್ಲಾ, ದಾರಿಯಲ್ಲಿ ಜರ್ಮನ್ ಹಡಗುಗಳಿಂದ ಎಣ್ಣೆ ತುಂಬಿಸಿಕೊಂಡು, 81 ದಿನದಲ್ಲಿ 13 ಸಾವಿರ ನಾಟಿಕಲ್ ಮೈಲಿ ಹೋಗಿ ಮುಟ್ಟಿತು.

ಆಡುವಾ ವರ್ಗದ್ದೇ ಇನ್ನೊಂದು, ಶಿರೆ. ಇದರ ಡೆಕ್ಕಿನ ಮೇಲೆ ಮೂರು ಉಕ್ಕಿನ ಸಿಲಿಂಡರ್ ಕೂರಿಸಿ, ಅದರೊಳಗೆ ಇಬ್ಬರು ಸವಾರಿ ಮಾಡುವ, ಮೂತಿಯಲ್ಲಿ ಬಾಂಬ್ ಹೊತ್ತ ಟಾರ್ಪಿಡೊಗಳನ್ನು ಇಟ್ಟರು. ಹೇಳಿದ ಮಾತು ಕೇಳದ ಆ ವಾಹನಕ್ಕೆ ಸವಾರರೇ ಇಟ್ಟ ಹೆಸರು ‘ಮಾಯಾಲೆ’, ಹಂದಿ. 1941ರ ಡಿಸೆಂಬರ್ 18ರ ರಾತ್ರಿ ಕ್ಯಾಪ್ಟನ್ ಬೊರ್ಗೇಸೆ ಅಲೆಕ್ಸಾಂಡ್ರಿಯ ಬಂದರಿನ ಬಾಗಿಲಿಗೆ ಮೈಲಿಯಷ್ಟು ಹತ್ತಿರ ಹೋಗಿ ಮೂರು ಹಂದಿ, ಆರು ಜನರನ್ನು ಇಳಿಸಿ ಹಿಂತಿರುಗಿದ. ಬ್ರಿಟಿಷರು ತಮ್ಮ ಡಿಸ್ಟ್ರಾಯರುಗಳಿಗಾಗಿ ಬಂದರಿನ ಬಾಯಿಗೆ ಕಟ್ಟಿದ್ದ ಬಲೆ ತೆರೆದಾಗ ಅವುಗಳ ಬೆನ್ನಿಗೇ ಇವರೂ ಒಳಗೆ. ಲುಯಿಜಿ ದುರಾನ್ ದೆ ಲಾ ಪೆನ್‌ನ ಜೊತೆಗಾರ ಎಮಿಲಿಯೊ ಬಿಯಾಂಕಿ ಉಸಿರಾಟದ ತೊಂದರೆಯಿಂದ ಮೇಲೆ ತೇಲಿಹೋದ. ಹಂದಿ ವೇಲಿಯಂಟ್ ಬ್ಯಾಟಲ್‌ಶಿಪ್ಪಿನ ಹತ್ತಿರ ತಳಕ್ಕೆ ಕೂತು ಕೆಟ್ಟಿತು. ದೆ ಲಾ ಪೆನ್ ಚಳಿಗಾಲದ ನೀರಿನಲ್ಲಿ, ಏನೂ ಕಾಣದ ಕೆಸರಿನಲ್ಲಿ, ಅದನ್ನು ಕೈಯಿಂದ ಅಂಗುಲ ಅಂಗುಲ ಎಳೆದು ಹಡಗಿನ ಹೊಟ್ಟೆಯ ಕೆಳಗೆ ತಂದಿಟ್ಟ. ಮೇಲೆ ಬಂದಾಗ ಸಿಕ್ಕಿಬಿದ್ದ. ಬ್ರಿಟಿಷರು ಅವನನ್ನೂ ಬಿಯಾಂಕಿಯನ್ನೂ ಅದೇ ಹಡಗಿನ ತಳದ ಕೋಣೆಯಲ್ಲಿ, ಗೊತ್ತಿಲ್ಲದೆ ಬಾಂಬಿನ ಹತ್ತಿರವೇ, ಕೂಡಿಹಾಕಿದರು. ಸಿಡಿಯಲು ಕೆಲವೇ ನಿಮಿಷ ಇದ್ದಾಗ ಅವನು ಕ್ಯಾಪ್ಟನ್ ಚಾರ್ಲ್ಸ್ ಮಾರ್ಗನ್‌ಗೆ ಹೇಳಿ ಕಳಿಸಿದ: ನಿನ್ನ ಜನರನ್ನು ಉಳಿಸಿಕೋ. ಬಾಂಬ್ ಎಲ್ಲಿದೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ವೇಲಿಯಂಟ್, ಕ್ವೀನ್ ಎಲಿಜಬೆತ್, ಎರಡು ಬ್ಯಾಟಲ್‌ಶಿಪ್ಪುಗಳೂ ಬಂದರಿನ ತಳಕ್ಕೆ ಕೂತವು. ಆ ಆರು ಮಂದಿಯೂ ಸೆರೆಸಿಕ್ಕರು, ಒಬ್ಬನೂ ಸಾಯಲಿಲ್ಲ. 1945ರಲ್ಲಿ ದೆ ಲಾ ಪೆನ್‌ನ ಎದೆಗೆ ಚಿನ್ನದ ಪದಕ ಚುಚ್ಚಿದ್ದು ಇದೇ ಮಾರ್ಗನ್. ಇಟಲಿಯ ದೊಡ್ಡ ಯುದ್ಧನೌಕೆಗಳೆಲ್ಲ ಸೇರಿ ಮೂರು ವರ್ಷದಲ್ಲಿ ಮಾಡಲಾಗದ್ದನ್ನು ಒಂದು ಸಣ್ಣ ಸಬ್‌ಮರೀನ್ ಹೊತ್ತುತಂದ ಆರು ಜನ ಒಂದು ರಾತ್ರಿಯಲ್ಲಿ ಮಾಡಿದರು. ಮುಂದಿನ ಆಗಸ್ಟಿನಲ್ಲಿ ಹೈಫಾ ಬಳಿ ಶಿರೆಯನ್ನು ಬ್ರಿಟಿಷರು ಮುಳುಗಿಸಿದರು.

ಮತ್ತೊಂದು ಆಕ್ಸುಮ್, ಇದೂ ಆಡುವಾ ವರ್ಗದ್ದೇ. 1942ರ ಆಗಸ್ಟ್ 12ರ ಸಂಜೆ, ಪೆಡೆಸ್ಟಲ್ ಎಂಬ ಸಂಕೇತನಾಮದಲ್ಲಿ ಮಾಲ್ಟಾಕ್ಕೆ ಹೊರಟಿದ್ದ ಆ ಪ್ರಸಿದ್ಧ ಬ್ರಿಟಿಷ್ ಹಡಗು ಸಾಲಿನ ದಾರಿಯಲ್ಲಿ ಅದು ಹಳೆಯ ಪಾಠದಂತೆ ಮರಸು ಕೂತಿತ್ತು. ಈ ಸಲ ಹಂದಿಯ ಹಿಂಡೇ ಬಂತು. ಕ್ಯಾಪ್ಟನ್ ರೆನಾತೊ ಫೆರ್ರಿನಿ ಒಂದೇ ಸಲಕ್ಕೆ ನಾಲ್ಕು ಟಾರ್ಪಿಡೊ ಬಿಟ್ಟ. ನೈಜೀರಿಯಾ ಕ್ರೂಸರಿಗೆ ಏಟು, ಕೈರೊ ಕ್ರೂಸರಿಗೆ ಏಟು, ಒಹಾಯೊ ಟ್ಯಾಂಕರಿಗೆ ಏಟು: ಒಂದು ಬಾರಿಗೆ ಮೂರು ಹಡಗು. ಕೈರೊವನ್ನು ಬ್ರಿಟಿಷರೇ ಮುಳುಗಿಸಬೇಕಾಯಿತು, ನೈಜೀರಿಯಾ ಕುಂಟುತ್ತ ಜಿಬ್ರಾಲ್ಟರಿಗೆ ಮರಳಿತು. ಆ ಎರಡು ಕ್ರೂಸರುಗಳಲ್ಲೇ ಮಾಲ್ಟಾದಿಂದ ಬರುವ ಫೈಟರ್ ವಿಮಾನಗಳಿಗೆ ದಾರಿ ತೋರುವ ವ್ಯವಸ್ಥೆ ಇದ್ದದ್ದು. ಅದು ಹೋದ ಮೇಲೆ ತಲೆಯ ಮೇಲೆ ವಿಮಾನವಿದ್ದರೂ ಅವುಗಳ ಜೊತೆ ಮಾತಾಡುವವರಿಲ್ಲ. ಆ ಸಂಜೆ, ಆ ರಾತ್ರಿ ಹಡಗುಗಳು ಒಂದರ ಹಿಂದೊಂದು ಬಿದ್ದವು. ಒಹಾಯೊ ಮಾತ್ರ ಮೂರು ದಿನದ ಮೇಲೆ, ಇನ್ನೇನು ಮುಳುಗುವ ಸ್ಥಿತಿಯಲ್ಲಿ, ಅಕ್ಕಪಕ್ಕ ಡಿಸ್ಟ್ರಾಯರುಗಳ ಆಸರೆಯಲ್ಲಿ ಮಾಲ್ಟಾ ಸೇರಿತು.

ಆಡುವಾ ವರ್ಗದ 17ರಲ್ಲಿ ಯುದ್ಧ ಮುಗಿಯುವಾಗ ತೇಲುತ್ತಿದ್ದದ್ದು ಅಲಾಜಿ ಒಂದೇ. ಆಕ್ಸುಮ್ 1943ರ ಸೆಪ್ಟೆಂಬರಿನ ಕದನವಿರಾಮದ ನಂತರ, ತಾನು ಒಂದು ವರ್ಷದ ಹಿಂದೆ ಹೊಡೆದಿದ್ದವರ ಪಕ್ಷವನ್ನೇ ಸೇರಿ ಗೂಢಚಾರರ ಕೆಲಸಕ್ಕೆ ಓಡಾಡುತ್ತಿತ್ತು. ಆ ವರ್ಷದ ಡಿಸೆಂಬರಿನ ಕೊನೆಯಲ್ಲಿ ಗ್ರೀಸಿನ ತೀರದ ಹತ್ತಿರ ನೆಲಕ್ಕೆ ತಾಗಿ ಸಿಕ್ಕಿಕೊಂಡಿತು. ಜರ್ಮನರ ಕೈಗೆ ಸಿಗಬಾರದೆಂದು ಸಿಬ್ಬಂದಿಯೇ ಅದನ್ನು ನಾಶ ಮಾಡಿದರು.